ಬಸಿರು, ವ್ಯಾಯಾಮ, ಮಗುವಿನ ತೂಕ: ಎಷ್ಟು ಮಾಡಬೇಕು, ಹೇಗೆ ಮಾಡಬೇಕು

ನಾನು ಫಿಸಿಯೋಥೆರಪಿಸ್ಟ್. ಗರ್ಭಿಣಿಯರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಎರಡು ಥರದ ಭಯ ನೋಡುತ್ತೇನೆ. ಕೆಲವರಿಗೆ ಜಾಸ್ತಿ ಓಡಾಡಿದರೆ ಮಗು ಸಣ್ಣದಾಗಿ ಹುಟ್ಟುತ್ತದೇನೋ ಎಂಬ ಹೆದರಿಕೆ. ಇನ್ನು ಕೆಲವರಿಗೆ ಮಗು ತೀರಾ ದಪ್ಪಗಾದರೆ ಹೆರಿಗೆ ಕಷ್ಟವಾಗುತ್ತದಲ್ಲ ಎಂಬ ಚಿಂತೆ. ಈ ಎರಡನೆಯವರು ಸುತ್ತ ಯಾರೂ ಇಲ್ಲದಾಗ ಮೆಲ್ಲಗೆ ಕೇಳುತ್ತಾರೆ: "ವ್ಯಾಯಾಮ ಮಾಡಿದ್ರೆ ಮಗು ಸ್ವಲ್ಪ ಚಿಕ್ಕದಾಗಿರುತ್ತಾ ಮೇಡಂ?"

ಇಬ್ಬರಿಗೂ ನನ್ನ ಉತ್ತರ ಒಂದೇ. ಹದವಾದ ವ್ಯಾಯಾಮದಿಂದ ಮಗು ಬಡಕಲಾಗುವುದಿಲ್ಲ. ಅತಿ ತೂಕದ ಮಗು ಹುಟ್ಟುವ ಸಾಧ್ಯತೆ ಮಾತ್ರ ಕಡಿಮೆಯಾಗುತ್ತದೆ. ಬೆಳವಣಿಗೆ ಕುಂಠಿತವಾಗಲು ಬೇರೆಯೇ ಕಾರಣಗಳಿರುತ್ತವೆ. ಅವುಗಳನ್ನು ಗಮನಿಸದೆ ಬೆಳಗಿನ ನಡಿಗೆಯನ್ನು ನಿಲ್ಲಿಸಿದರೆ ಏನೂ ಲಾಭವಿಲ್ಲ.

ಸಣ್ಣ ಮಗು, ದೊಡ್ಡ ಮಗು ಅಂದರೆ?

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಎನ್ನುತ್ತಾರೆ. 4 ಕಿಲೋ ದಾಟಿದರೆ ದೊಡ್ಡ ಮಗು. ಕೆಲವು ವೈದ್ಯರು 4.5 ಕಿಲೋವನ್ನು ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಬರೀ ತೂಕ ನೋಡಿದರೆ ಮೋಸ ಹೋಗುತ್ತೇವೆ. 35ನೇ ವಾರಕ್ಕೇ ಹುಟ್ಟಿದ 2.4 ಕಿಲೋ ಮಗು ತನ್ನ ವಾರಕ್ಕೆ ಸರಿಯಾಗಿಯೇ ಬೆಳೆದಿರುತ್ತದೆ. 40 ವಾರ ತುಂಬಿದ ಮೇಲೂ 2.4 ಕಿಲೋ ಇದ್ದರೆ ಯಾಕೆ ಎಂದು ನೋಡಬೇಕಾಗುತ್ತದೆ. ಅದಕ್ಕೇ ವಾರಕ್ಕೆ ತಕ್ಕ ತೂಕದ ಲೆಕ್ಕ ಇರುವುದು. ಒಂದೇ ವಾರದಲ್ಲಿ ಹುಟ್ಟಿದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ಮಲಗಿಸಿದರೆ, ಕೆಳಗಿನ ಹತ್ತರೊಳಗೆ ಬಂದವು ಸಣ್ಣ, ಮೇಲಿನ ಹತ್ತರೊಳಗೆ ಬಂದವು ದೊಡ್ಡ. ಸಣ್ಣ ಎಂದ ಮಾತ್ರಕ್ಕೆ ಕಾಯಿಲೆ ಅಲ್ಲ. ಅಪ್ಪ ಅಮ್ಮ ಇಬ್ಬರೂ ಸಣ್ಣ ಮೈಕಟ್ಟಿನವರಾದರೆ ಮಗುವೂ ಹಾಗೇ ಇರಬಹುದು. ಮೊದಲ ಮಗು ಸಾಮಾನ್ಯವಾಗಿ ಎರಡನೆಯದಕ್ಕಿಂತ ಸ್ವಲ್ಪ ಹಗುರ. ಗಂಡು ಮಕ್ಕಳು ಸರಾಸರಿ ಸುಮಾರು ನೂರು ಗ್ರಾಂ ಜಾಸ್ತಿ ತೂಗುತ್ತಾರೆ. ಇದರಲ್ಲಿ ಯಾವುದೂ ನಿಮ್ಮ ಕೈಯಲ್ಲಿಲ್ಲ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ಮಗುವಿನ ತೂಕದಲ್ಲಿ ಮೂಳೆ, ಸ್ನಾಯು, ಮಿದುಳು ಎಲ್ಲ ಸೇರಿದೆ, ಕೊಬ್ಬೂ ಸೇರಿದೆ. ವ್ಯಾಯಾಮದ ಪರಿಣಾಮ ಮುಖ್ಯವಾಗಿ ಕಾಣುವುದು ಕೊಬ್ಬಿನಲ್ಲಿ. ಅಮೆರಿಕದ ವೈದ್ಯ ಜೇಮ್ಸ್ ಕ್ಲ್ಯಾಪ್ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಹೆರಿಗೆ ಹತ್ತಿರ ಬರುವವರೆಗೂ ಓಟ, ಏರೋಬಿಕ್ಸ್ ಬಿಡದೆ ಜೋರಾಗಿ ಮುಂದುವರಿಸಿದ ಹೆಂಗಸರ ಮಕ್ಕಳನ್ನು ಅವರು ಅಳೆದು ನೋಡಿದರು. 1990ರಲ್ಲಿ ಬಂದ ಆ ವರದಿಯಲ್ಲಿ ಮಕ್ಕಳು ಸರಾಸರಿ ಸುಮಾರು 300 ಗ್ರಾಂ ಹಗುರ. ಕೇಳಿದ ಕೂಡಲೇ ಗಾಬರಿಯಾಗುತ್ತದೆ, ಅಲ್ವಾ? ಆದರೆ ಆ ಮಕ್ಕಳ ಉದ್ದವಾಗಲಿ ತಲೆಯ ಸುತ್ತಳತೆಯಾಗಲಿ ಕಡಿಮೆ ಇರಲಿಲ್ಲ. ಕಡಿಮೆಯಾದದ್ದರಲ್ಲಿ ಹೆಚ್ಚಿನ ಪಾಲು ಕೊಬ್ಬು.

ಅದೇ ಕ್ಲ್ಯಾಪ್ 2000ದಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಕೊಟ್ಟರು. ಈ ಸಲ ಮೊದಲು ವ್ಯಾಯಾಮದ ಅಭ್ಯಾಸವೇ ಇಲ್ಲದವರು. ಬಸಿರಿನ ಎಂಟನೇ ವಾರದ ಹೊತ್ತಿಗೆ ಹದವಾಗಿ ಶುರು ಮಾಡಿದರು: ಒಮ್ಮೆಗೆ 20 ನಿಮಿಷ, ವಾರಕ್ಕೆ ಮೂರರಿಂದ ಐದು ಸಲ. ಅವರ ಮಕ್ಕಳು ವ್ಯಾಯಾಮ ಮಾಡದವರ ಮಕ್ಕಳಿಗಿಂತ ತೂಕದಲ್ಲೂ ಉದ್ದದಲ್ಲೂ ಸ್ವಲ್ಪ ಜಾಸ್ತಿಯೇ ಇದ್ದರು! ಪ್ಲಾಸೆಂಟಾ, ಅಂದರೆ ಮಗುವಿಗೆ ಆಹಾರ ಸಾಗಿಸುವ ಮಾಸು, ನಡುವಿನ ತಿಂಗಳುಗಳಲ್ಲಿ ಬೇಗ ಬೆಳೆದಿತ್ತು.

ಒಂದು ಕಡೆ ತೂಕ ಕಡಿಮೆ, ಇನ್ನೊಂದು ಕಡೆ ಜಾಸ್ತಿ. ಎಷ್ಟು ಜೋರು, ಎಷ್ಟು ಹೊತ್ತು, ಯಾವ ತಿಂಗಳಲ್ಲಿ ಎಂಬುದರ ಮೇಲೆ ಫಲ ನಿಂತಿದೆ. 2010ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 84 ಹೆಂಗಸರ ಪ್ರಯೋಗವೊಂದು ಪ್ರಕಟವಾಯಿತು. ಎಲ್ಲರಿಗೂ ಮೊದಲ ಬಸಿರು. ಒಂದು ಗುಂಪಿಗೆ 20ನೇ ವಾರದಿಂದ ಮನೆಯಲ್ಲೇ ನಿಂತ ಸೈಕಲ್, ಅಂದರೆ ಇದ್ದಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ತುಳಿಸಿದರು, ಒಮ್ಮೆಗೆ 40 ನಿಮಿಷದವರೆಗೆ, ವಾರಕ್ಕೆ ಐದು ಸಲದವರೆಗೆ. ಆ ಮಕ್ಕಳ ತೂಕ ಸರಾಸರಿ 143 ಗ್ರಾಂ ಕಡಿಮೆ. ಉದ್ದದಲ್ಲಿ ವ್ಯತ್ಯಾಸವಿಲ್ಲ. 2015ರಲ್ಲಿ ಕೆನಡಾದ ತಂಡವೊಂದು ಇಂಥ 28 ಪ್ರಯೋಗಗಳನ್ನು, ಒಟ್ಟು 5,322 ಗರ್ಭಿಣಿಯರ ಲೆಕ್ಕವನ್ನು ಒಟ್ಟುಗೂಡಿಸಿತು. ಅತಿ ದೊಡ್ಡ ಮಗು ಹುಟ್ಟುವ ಸಂಭವ ಶೇ. 31ರಷ್ಟು ತಗ್ಗಿತ್ತು. ಅತಿ ಸಣ್ಣ ಮಗು ಹುಟ್ಟುವ ಸಂಭವ ಏರಿರಲಿಲ್ಲ. ಸರಾಸರಿ ತೂಕದಲ್ಲಿ ಆದ ವ್ಯತ್ಯಾಸ 31 ಗ್ರಾಂ. ಎರಡು ವಾರದ ಕೂಸು ಒಮ್ಮೆ ಹೊಟ್ಟೆ ತುಂಬ ಹಾಲು ಕುಡಿದರೆ ಅದಕ್ಕಿಂತ ಜಾಸ್ತಿ ತೂಕ ಏರುತ್ತದೆ.

ಒಳಗೆ ಏನಾಗುತ್ತದೆ

ಅಮ್ಮನ ರಕ್ತದಲ್ಲಿರುವ ಸಕ್ಕರೆ ಪ್ಲಾಸೆಂಟಾ ದಾಟಿ ಮಗುವಿಗೆ ಹೋಗುತ್ತದೆ. ಅಮ್ಮನ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಜಾಸ್ತಿ ಬಂದರೆ ಮಗು ತನ್ನದೇ ಇನ್ಸುಲಿನ್ ಜಾಸ್ತಿ ತಯಾರಿಸಿ ಅದನ್ನು ಸಂಭಾಳಿಸಬೇಕು. ಹೊಟ್ಟೆಯೊಳಗಿನ ಮಗುವಿಗೆ ಇನ್ಸುಲಿನ್ ಬೆಳವಣಿಗೆಯ ಹಾರ್ಮೋನಿನ ಥರವೂ ಕೆಲಸ ಮಾಡುತ್ತದೆ, ಕೊಬ್ಬು ಕೂಡಿಸುತ್ತದೆ. ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಶುಗರ್ ಹತೋಟಿಯಲ್ಲಿ ಇಲ್ಲದ ತಾಯಂದಿರ ಮಕ್ಕಳಲ್ಲಿ ಭುಜ, ಹೊಟ್ಟೆ ದಪ್ಪವಿರುವುದು, ಹುಟ್ಟಿದ ಮೇಲೆ ಸಕ್ಕರೆ ಒಮ್ಮೆಲೇ ಇಳಿಯುವುದು ಇದರಿಂದಲೇ.

ನಡೆಯುವಾಗ ಕಾಲಿನ ಸ್ನಾಯು ಇನ್ಸುಲಿನ್ನಿಗಾಗಿ ಹೆಚ್ಚು ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಊಟದ ನಂತರ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಮಗುವಿಗೆ ಹೋಗುವ ಹೆಚ್ಚುವರಿ ಕಡಿಮೆಯಾಗುತ್ತದೆ.

ವ್ಯಾಯಾಮ ಮಾಡುವಷ್ಟು ಹೊತ್ತು ಗರ್ಭಕೋಶದ ಕಡೆಗೆ ಹೋಗುವ ರಕ್ತ ಸ್ವಲ್ಪ ಕಡಿಮೆಯಾಗುವುದು ನಿಜ. ಸ್ನಾಯು, ಚರ್ಮದ ಕಡೆ ಜಾಸ್ತಿ ಹರಿಯುತ್ತದೆ. ಹದ ಮೀರದಿದ್ದರೆ ಮಗು ಇದನ್ನು ಆರಾಮಾಗಿ ತಡೆದುಕೊಳ್ಳುತ್ತದೆ. ಅಮ್ಮನ ಮೈಯಲ್ಲಿ ರಕ್ತದ ಪ್ರಮಾಣವೇ ಈ ಹೊತ್ತಿಗೆ ಶೇ. 40ರಿಂದ 50ರಷ್ಟು ಹೆಚ್ಚಿರುತ್ತದೆ. ಹದ ಮೀರಿದರೆ ಏನಾಗುತ್ತದೆ ಎಂಬುದಕ್ಕೆ 2012ರ ನಾರ್ವೆಯ ಅಧ್ಯಯನವೊಂದಿದೆ. ಒಲಿಂಪಿಕ್ ಮಟ್ಟದ ಆರು ಜನ ಗರ್ಭಿಣಿ ಕ್ರೀಡಾಪಟುಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು. ಅವರ ಎದೆಬಡಿತ ಗರಿಷ್ಠದ ಶೇ. 90 ದಾಟಿದಾಗ ಮಗುವಿನ ಎದೆಬಡಿತ ಇಳಿಯಿತು. ಓಟ ನಿಲ್ಲಿಸಿದಾಗ ಮತ್ತೆ ಸರಿಹೋಯಿತು. ನಾವು ನೀವು ಸಂಜೆ ವಾಕಿಂಗ್ ಹೋದಾಗ ಆ ಮಟ್ಟದ ಹತ್ತಿರವೂ ಹೋಗುವುದಿಲ್ಲ.

ಶುರು ಮಾಡುವ ಮೊದಲು

ವೈದ್ಯರನ್ನು ಒಂದು ಮಾತು ಕೇಳಿ. ಸುಮ್ನೆ "ವ್ಯಾಯಾಮ ಮಾಡಬಹುದಾ?" ಎಂದು ಕೇಳಿದರೆ "ಸ್ವಲ್ಪ ನಡೀರಿ" ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: "ನನ್ನ ಪ್ಲಾಸೆಂಟಾ ಕೆಳಗಿದೆಯಾ? ಗರ್ಭಕೋಶದ ಬಾಯಿ ಸರಿಯಾಗಿದೆಯಾ? ಬಿಪಿ, ರಕ್ತದ ಅಂಶ, ಮಗುವಿನ ಬೆಳವಣಿಗೆ ಹೇಗಿದೆ? ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬಹುದಾ?"

ಈ ಕೆಳಗಿನವು ಇದ್ದರೆ ವ್ಯಾಯಾಮ ಬೇಡ: ನಿಲ್ಲದ ರಕ್ತಸ್ರಾವ, ನೀರು ಒಡೆದಿರುವುದು, ಅವಧಿಗೆ ಮೊದಲೇ ನೋವು ಶುರುವಾಗಿರುವುದು, 28 ವಾರ ಕಳೆದ ಮೇಲೂ ಪ್ಲಾಸೆಂಟಾ ಬಾಯಿಗೆ ಅಡ್ಡ ಇರುವುದು, ಗರ್ಭಕೋಶದ ಬಾಯಿ ಸಡಿಲವಾಗಿರುವುದು, ಬಸಿರಿನ ಬಿಪಿ ಕಾಯಿಲೆಯಾದ ಪ್ರಿ-ಎಕ್ಲಾಂಪ್ಸಿಯಾ, ಹೊಟ್ಟೆಯಲ್ಲಿ ಮೂರು ಅಥವಾ ಹೆಚ್ಚು ಮಕ್ಕಳು, ಗಂಭೀರ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ, ಹತೋಟಿಗೆ ಬಾರದ ಬಿಪಿ, ಥೈರಾಯ್ಡ್ ಅಥವಾ ಟೈಪ್ 1 ಶುಗರ್. ಮಗುವಿನ ಬೆಳವಣಿಗೆ ಕುಂಠಿತ ಎಂದು ಸ್ಕ್ಯಾನ್‌ನಲ್ಲಿ ಬಂದಿದ್ದರೂ ಇದೇ ಪಟ್ಟಿಗೆ ಸೇರುತ್ತದೆ. ರಕ್ತಹೀನತೆಯಿಂದ ಸುಸ್ತಿದ್ದರೆ, ಹಿಂದೆ ಅವಧಿಗೆ ಮೊದಲೇ ಹೆರಿಗೆ ಆಗಿದ್ದರೆ, ಅವಳಿ ಇದ್ದರೆ, ನಿಮ್ಮ ತೂಕವೇ ತೀರಾ ಕಡಿಮೆ ಇದ್ದರೆ, ಎಷ್ಟು ಮಾಡಬಹುದೆಂದು ವೈದ್ಯರೇ ಹೇಳಬೇಕು. ನಾನಾಗಲಿ ಇನ್ಯಾರೇ ಆಗಲಿ ದೂರದಿಂದ ಹೇಳುವ ಮಾತಲ್ಲ.

ಎಷ್ಟು ಮಾಡಬೇಕು

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿರುವುದು ವಾರಕ್ಕೆ ಕನಿಷ್ಠ 150 ನಿಮಿಷ, ಹದವಾದ ವೇಗದಲ್ಲಿ. ಜೊತೆಗೆ ಸ್ನಾಯು ಬಲಪಡಿಸುವ ವ್ಯಾಯಾಮ. ದಿನಕ್ಕೆ 30 ನಿಮಿಷದಂತೆ ಐದು ದಿನ ಎಂದುಕೊಳ್ಳಿ. ಒಟ್ಟಿಗೇ ಆಗಬೇಕೆಂದಿಲ್ಲ. ಮೂರು ಸಲ ಹತ್ತು ಹತ್ತು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ನಿಮಗೆ ಮೊದಲಿನಿಂದ ಅಭ್ಯಾಸವಿಲ್ಲದಿದ್ದರೆ ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ಸಾಕು. ವಾರ ವಾರಕ್ಕೆ ಐದೈದು ನಿಮಿಷ ಏರಿಸಿ.

ಹದವಾದ ವೇಗ ಅಂದರೆ ಎಷ್ಟು? ಇದನ್ನು ಬರೆದು ಹೇಳುವುದಕ್ಕಿಂತ ನಡೆಸಿ ತೋರಿಸುವುದು ಸುಲಭ. ಬಂದವರನ್ನು ನಾನು ಉದ್ದನೆಯ ಕಾರಿಡಾರಿನಲ್ಲಿ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಪಕ್ಕದಲ್ಲೇ ನಡೆಯುತ್ತಾ, ನಿನ್ನೆ ಏನೇನು ಮಾಡಿದಿರಿ ಹೇಳಿ ಎನ್ನುತ್ತೇನೆ. ಮೊದಲ ಸುತ್ತಿನಲ್ಲಿ ಮಾತು ಸರಾಗವಾಗಿ ಬರುತ್ತದೆ. ವೇಗ ಏರಿಸುತ್ತಾ ಹೋದಂತೆ ವಾಕ್ಯದ ಮಧ್ಯೆ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಕೈ ತಾನಾಗಿ ಬೀಸತೊಡಗುತ್ತದೆ, ಕುತ್ತಿಗೆ ಹತ್ತಿರ ಸಣ್ಣಗೆ ಬೆವರು. ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ. ಅದೇ ಹದ. ಇನ್ನೂ ಏರಿಸಿದರೆ "ಹೂಂ", "ಇಲ್ಲ" ಎಂದು ಒಂದೊಂದೇ ಪದ ಬರುತ್ತದೆ. ಅಲ್ಲಿಗೆ ಜಾಸ್ತಿಯಾಯಿತು, ಇಳಿಸಿ. ಒಂದು ಸಲ ಮೈಗೆ ಗೊತ್ತಾದರೆ ಮತ್ತೆ ಯಾರೂ ಹೇಳಬೇಕಿಲ್ಲ.

ಕೈಗಡಿಯಾರದಲ್ಲಿ ಎದೆಬಡಿತ ನೋಡಿ ಹೆದರುವವರು ಈಗ ಜಾಸ್ತಿಯಾಗಿದ್ದಾರೆ. ಬಸಿರಿನಲ್ಲಿ ಸುಮ್ಮನೆ ಕೂತಾಗಲೇ ಎದೆಬಡಿತ ನಿಮಿಷಕ್ಕೆ ಹತ್ತಿಪ್ಪತ್ತು ಹೆಚ್ಚಿರುತ್ತದೆ. 140 ದಾಟಬಾರದು ಎಂಬ ಮಾತು ನೀವೂ ಕೇಳಿರಬಹುದು. ಅದು ಅಮೆರಿಕದ ಪ್ರಸೂತಿ ತಜ್ಞರ ಸಂಘ 1985ರಲ್ಲಿ ಹಾಕಿದ ಮಿತಿ. 1994ರಲ್ಲಿ ಅವರೇ ಕೈಬಿಟ್ಟರು. ಆದರೂ ಆ ಸಂಖ್ಯೆ ಬಾಯಿಂದ ಬಾಯಿಗೆ ಇನ್ನೂ ಓಡಾಡುತ್ತಿದೆ! ಮಾತಾಡಿ ನೋಡುವ ಪರೀಕ್ಷೆಯೇ ಸಾಕು.

ತಿಂಗಳಿಂದ ತಿಂಗಳಿಗೆ

ಮೊದಲ ಮೂರು ತಿಂಗಳು ವಾಕರಿಕೆ, ನಿದ್ದೆ, ಸುಸ್ತು. ಈ ಹೊತ್ತಿನಲ್ಲಿ ಮಗು ಇನ್ನೂ ತೀರಾ ಪುಟ್ಟದು. ಬೆಳೆಯುತ್ತಿರುವುದು ಮುಖ್ಯವಾಗಿ ಪ್ಲಾಸೆಂಟಾ. ಆದ ದಿನ ಹತ್ತು ನಿಮಿಷ ನಡೆಯಿರಿ, ಆಗದ ದಿನ ಬಿಡಿ. ಅಪರಾಧಿ ಭಾವನೆ ಬೇಡ. ಒಂದು ಎಚ್ಚರ ಮಾತ್ರ ಇರಲಿ: ಮೈ ತುಂಬ ಕಾಯಬಾರದು. ಸುಡು ಬಿಸಿಲಲ್ಲಿ ನಡಿಗೆ, ಬಿಸಿ ಕೋಣೆಯ ಯೋಗ, ಸೌನಾ ಬೇಡ. ಅಮ್ಮನ ಮೈ ಬಿಸಿ ತುಂಬ ಏರಿದರೆ ಮಗುವಿನ ನರಮಂಡಲ ರೂಪುಗೊಳ್ಳುವ ಈ ಹೊತ್ತಿನಲ್ಲಿ ಒಳ್ಳೆಯದಲ್ಲ.

ನಾಲ್ಕರಿಂದ ಆರನೇ ತಿಂಗಳು ಅತಿ ಒಳ್ಳೆಯ ಕಾಲ. ವಾಕರಿಕೆ ನಿಂತಿರುತ್ತದೆ, ಹೊಟ್ಟೆ ಇನ್ನೂ ದಾರಿಗೆ ಅಡ್ಡ ಬರುವುದಿಲ್ಲ. 150 ನಿಮಿಷ ಮುಟ್ಟುವುದು ಈಗಲೇ. ಬೆನ್ನ ಮೇಲೆ ಉದ್ದಕ್ಕೆ ಮಲಗಿ ಮಾಡುವ ವ್ಯಾಯಾಮಗಳನ್ನು ಈಗಿನಿಂದ ಬಿಡಿ. ಗರ್ಭಕೋಶದ ಭಾರ ಹಿಂದಿನ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಮಗ್ಗುಲಾಗಿ ಮಲಗಿ, ಇಲ್ಲವೇ ಬೆನ್ನ ಹಿಂದೆ ದಿಂಬು ಕೊಟ್ಟು ಒರಗಿ ಮಾಡಿ.

ಕೊನೆಯ ಮೂರು ತಿಂಗಳಲ್ಲಿ ಮಗುವಿನ ತೂಕ ಓಡುತ್ತದೆ. 28ನೇ ವಾರದಲ್ಲಿ ಸುಮಾರು ಒಂದು ಕಿಲೋ ಇದ್ದದ್ದು ಹುಟ್ಟುವ ಹೊತ್ತಿಗೆ ಮೂರರ ಆಸುಪಾಸಿಗೆ ಬರಬೇಕು. ವಾರಕ್ಕೆ ಸರಾಸರಿ 150ರಿಂದ 200 ಗ್ರಾಂ. ಕೊಬ್ಬು ಕೂಡುವುದೂ ಹೆಚ್ಚಾಗಿ ಈಗಲೇ. ಹಾಗಾಗಿ ಈಗ ಜೋರು ಬೇಡ, ನಿಲ್ಲಿಸುವುದೂ ಬೇಡ. ನಡಿಗೆಯ ವೇಗ ತಾನಾಗಿ ಇಳಿಯುತ್ತದೆ, ಇಳಿಯಲಿ. ಮಾತಿನ ಪರೀಕ್ಷೆ ಅದೇ ಇರಲಿ. ಸೊಂಟದ ಮುಂಭಾಗದಲ್ಲಿ ನೋವಿದ್ದರೆ ಹೆಜ್ಜೆ ಚಿಕ್ಕದು ಮಾಡಿ, ಅಥವಾ ನೀರಿನಲ್ಲಿ ಮಾಡಿ. ಈಜು ಬರದಿದ್ದರೂ ಎದೆಮಟ್ಟದ ನೀರಲ್ಲಿ ನಡೆದಾಡಬಹುದು. ಹೊಟ್ಟೆಯ ಭಾರವೇ ಗೊತ್ತಾಗುವುದಿಲ್ಲ. ಹೊರಗಿನ ಸೈಕಲ್ ಬಿಟ್ಟು ನಿಂತ ಸೈಕಲ್ ತುಳಿಯಿರಿ. ಭಾರದ ಕೇಂದ್ರ ಮುಂದಕ್ಕೆ ಬಂದಿರುತ್ತದೆ, ಬ್ಯಾಲೆನ್ಸ್ ತಪ್ಪುವುದು ಬೇಗ. ಬೀಳುವ, ಹೊಟ್ಟೆಗೆ ಏಟು ಬೀಳುವ ಆಟಗಳು ಯಾವ ತಿಂಗಳಲ್ಲೂ ಬೇಡ. ಸ್ಕೂಬಾ ಡೈವಿಂಗ್ ಅಂತೂ ಬೇಡವೇ ಬೇಡ.

ಬಲಕ್ಕೆ ಮೂರು ವ್ಯಾಯಾಮ

ಕುರ್ಚಿಯಿಂದ ಏಳುವುದು ನನಗೆ ಎಲ್ಲಕ್ಕಿಂತ ಇಷ್ಟ. ಗೋಡೆಗೆ ತಾಗಿಸಿ ಇಟ್ಟ, ಜಾರದ ಕುರ್ಚಿ ಇರಲಿ. ತುದಿಗೆ ಬಂದು ಕೂತುಕೊಳ್ಳಿ. ಪಾದಗಳು ಸೊಂಟಕ್ಕಿಂತ ಸ್ವಲ್ಪ ಅಗಲ, ಹೊಟ್ಟೆಗೆ ಜಾಗ ಸಿಗುವಂತೆ. ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಮತ್ತೆ ಮೂರು ಎಣಿಸುವಷ್ಟು ನಿಧಾನವಾಗಿ ಕೂತುಕೊಳ್ಳಿ. ಧೊಪ್ಪನೆ ಕೂರಬಾರದು, ಅರ್ಧ ವ್ಯಾಯಾಮ ಇರುವುದೇ ಕೂರುವುದರಲ್ಲಿ. ಎಂಟರಿಂದ ಹತ್ತು ಸಲ, ಸುಧಾರಿಸಿಕೊಂಡು ಇನ್ನೊಂದು ಸುತ್ತು. ಏಳುವಾಗ ಉಸಿರು ಹಿಡಿದು ತಿಣುಕುವ ಅಭ್ಯಾಸ ತುಂಬ ಜನರಿಗಿದೆ. ಅದನ್ನು ಬಿಡಿ, ಬಿಪಿ ಒಮ್ಮೆಲೇ ಏರುತ್ತದೆ.

ಎರಡನೆಯದು ಗೋಡೆಗೆ ಕೈ ಕೊಟ್ಟು ತಳ್ಳುವುದು. ನಿಂತಲ್ಲೇ ದಂಡ ಹೊಡೆದಂತೆ. ಮೂರನೆಯದು ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಎರಡೂ ಕೈಯಿಂದ ಹಿಂದಕ್ಕೆ ಎಳೆಯುವುದು. ಬೆನ್ನಿನ ಮೇಲ್ಭಾಗ ಗಟ್ಟಿಯಾಗುತ್ತದೆ, ಮುಂದೆ ಹಾಲು ಕುಡಿಸುವಾಗ ಉಪಯೋಗಕ್ಕೆ ಬರುತ್ತದೆ. ಇವನ್ನು ವಾರಕ್ಕೆ ಎರಡು ಸಲ ಮಾಡಿ.

ಮೂತ್ರ ತಡೆಹಿಡಿಯಲು ಬಳಸುವ ಕೆಳಗಿನ ಸ್ನಾಯುಗಳಿಗೆ ದಿನಾ ಕೆಲಸ ಕೊಡಿ. ಮೇಲಕ್ಕೆಳೆದಂತೆ ಬಿಗಿದು ಕೆಲವು ಸೆಕೆಂಡು ಹಿಡಿಯುವುದು, ಪೂರ್ತಿ ಸಡಿಲ ಬಿಡುವುದು, ಹತ್ತು ಸಲ. ಮಗುವಿನ ತೂಕಕ್ಕೆ ಇದರಿಂದ ಏನೂ ಆಗುವುದಿಲ್ಲ. ಕೆಮ್ಮಿದಾಗ ಮೂತ್ರ ಸೋರುವುದು ತಪ್ಪುತ್ತದೆ, ಅಷ್ಟು ಸಾಕಲ್ಲ.

ಮಗು ದೊಡ್ಡದಾಗುತ್ತಿದೆ ಎಂದು ಹೇಳಿದರೆ

ಸ್ಕ್ಯಾನ್‌ನ ತೂಕ ಅಂದಾಜು ಮಾತ್ರ. ಶೇ. 10ರಿಂದ 15ರಷ್ಟು ಹೆಚ್ಚುಕಡಿಮೆ ಆಗುವುದು ಸಾಮಾನ್ಯ. 3 ಕಿಲೋ ಎಂದು ಬಂದರೆ ಅದು 2.6 ಇರಬಹುದು, 3.4 ಇರಬಹುದು. ಒಂದು ಸ್ಕ್ಯಾನ್ ನೋಡಿ ಊಟ ಬಿಟ್ಟು ಎರಡು ಗಂಟೆ ನಡೆಯಲು ಹೊರಡಬೇಡಿ. ಶುಗರ್ ಪರೀಕ್ಷೆ ಆಗಿದೆಯೇ, ನಿಮ್ಮ ತೂಕ ಎಷ್ಟು ಏರಿದೆ ಎಂದು ಮೊದಲು ನೋಡಿ. ಬಸಿರಿಗೆ ಮೊದಲು ತೂಕ ಸರಿಯಾಗಿದ್ದವರಿಗೆ ಒಂಬತ್ತು ತಿಂಗಳಲ್ಲಿ 11.5ರಿಂದ 16 ಕಿಲೋ, ತೂಕ ಜಾಸ್ತಿ ಇದ್ದವರಿಗೆ 7ರಿಂದ 11.5 ಕಿಲೋ ಏರಿಕೆ ಸಾಕು ಎಂದು ಅಮೆರಿಕದ ವೈದ್ಯಕೀಯ ಸಂಸ್ಥೆ 2009ರಲ್ಲಿ ಲೆಕ್ಕ ಕೊಟ್ಟಿದೆ. ತೀರಾ ಸಣಕಲಾಗಿದ್ದವರಿಗೆ 12.5ರಿಂದ 18.

ಇಂಥವರಿಗೆ ನಾನು ಒತ್ತಿ ಹೇಳುವುದು ಊಟದ ನಂತರದ ನಡಿಗೆ. ತಟ್ಟೆ ತೊಳೆದಿಟ್ಟು ಹತ್ತರಿಂದ ಹದಿನೈದು ನಿಮಿಷ. ಸಕ್ಕರೆ ರಕ್ತಕ್ಕೆ ಬರುವ ಹೊತ್ತಿಗೆ ಸರಿಯಾಗಿ ಕಾಲಿನ ಸ್ನಾಯು ಅದನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ ಮೂರು ಊಟದ ಲೆಕ್ಕ ಹಿಡಿದರೆ ಬೇರೆ ವಾಕಿಂಗ್ ಬೇಕೇ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮುನ್ನ ಶುಗರ್ ನೋಡಿಕೊಳ್ಳಿ, ಜೇಬಲ್ಲಿ ಏನಾದರೂ ಸಿಹಿ ಇಟ್ಟುಕೊಳ್ಳಿ.

ಮಗು ಸಣ್ಣದಿದೆ ಎಂದು ಹೇಳಿದರೆ

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಸಣ್ಣದಿದ್ದೂ ವಾರ ವಾರ ತನ್ನ ಗೆರೆಯಲ್ಲೇ ಬೆಳೆಯುತ್ತಿರುವ ಮಗು ಬೇರೆ, ಬೆಳೆಯುವುದೇ ನಿಧಾನವಾದ ಮಗು ಬೇರೆ. ಎರಡನೆಯದಾದರೆ ವ್ಯಾಯಾಮ ನಿಲ್ಲಿಸಿ ವೈದ್ಯರ ಮಾತಿನಂತೆ ನಡೆಯಿರಿ. ಆದರೆ ಹಾಸಿಗೆ ಹಿಡಿದು ಮಲಗಿದರೆ ಮಗು ಬೆಳೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪೂರ್ತಿ ಮಲಗಿಬಿಟ್ಟರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ಸ್ನಾಯು, ಮೂಳೆ ಸೊರಗುತ್ತವೆ. ಮನೆಯೊಳಗಿನ ಸಾಮಾನ್ಯ ಓಡಾಟ ಇರಬಹುದಾ ಎಂದು ಬಾಯಿಬಿಟ್ಟು ಕೇಳಿ.

ಬೆಳವಣಿಗೆ ತಗ್ಗಲು ಸಾಮಾನ್ಯ ಕಾರಣಗಳು ಬೇರೆ: ಬಿಪಿ, ಪ್ಲಾಸೆಂಟಾದ ತೊಂದರೆ, ತಂಬಾಕು, ಮದ್ಯ, ತೀವ್ರ ರಕ್ತಹೀನತೆ, ಸೋಂಕು, ಸಾಲದ ಊಟ. ತಂಬಾಕಿನಲ್ಲಿ ಮನೆಯವರು ಸೇದುವ ಹೊಗೆಯೂ ಸೇರಿತು. ನಡಿಗೆಯನ್ನು ಅನುಮಾನಿಸುವ ಮೊದಲು ಈ ಪಟ್ಟಿ ನೋಡಿ.

ಇನ್ನೊಂದು ಕಾರಣವನ್ನು ಯಾರೂ ವ್ಯಾಯಾಮದಿಂದ ಬೇರೆ ಮಾಡಿ ನೋಡುವುದಿಲ್ಲ: ಕೆಲಸದ ದಣಿವು. ಇಡೀ ದಿನ ನಿಂತು ಮಾಡುವ ಕೆಲಸ, ಭಾರ ಎತ್ತುವುದು, ರಾತ್ರಿ ಪಾಳಿ, ಇವುಗಳ ಜೊತೆ ಸಣ್ಣ ಮಗು, ಅವಧಿಗೆ ಮೊದಲಿನ ಹೆರಿಗೆ ಸ್ವಲ್ಪ ಹೆಚ್ಚಾಗಿ ಕಂಡುಬಂದಿದೆ. ಅರ್ಧ ಗಂಟೆಯ ವ್ಯಾಯಾಮಕ್ಕೆ ಒಂದು ಕೊನೆ ಇರುತ್ತದೆ, ನಂತರ ವಿಶ್ರಾಂತಿ ಇರುತ್ತದೆ. ಎಂಟು ಗಂಟೆ ನಿಲ್ಲುವ ಕೆಲಸಕ್ಕೆ ಎರಡೂ ಇಲ್ಲ. ಹೀಗೆ ದಿನವಿಡೀ ಕೌಂಟರಿನ ಹಿಂದೆ ನಿಲ್ಲುವ ಒಬ್ಬರು ಏಳನೇ ತಿಂಗಳಲ್ಲಿ ನನ್ನ ಹತ್ತಿರ ಬಂದರು. ಸಾಕ್ಸ್ ಬಿಚ್ಚಿದಾಗ ಅದರ ಎಲಾಸ್ಟಿಕ್ಕಿನ ಗುರುತು ಕಾಲಲ್ಲಿ ಉಂಗುರದಂತೆ ಆಳವಾಗಿ ಇಳಿದಿತ್ತು. ಅವರ ಪ್ರಶ್ನೆ: "ಸಂಜೆ ಎಷ್ಟು ಹೊತ್ತು ವಾಕಿಂಗ್ ಮಾಡಲಿ?" ಅವರಿಗೆ ಬೇಕಾಗಿದ್ದದ್ದು ವಾಕಿಂಗ್ ಅಲ್ಲ, ಒಂದು ಸ್ಟೂಲು. ಗಂಟೆಗೊಮ್ಮೆ ಐದು ನಿಮಿಷ ಕೂರುವುದು, ನಿಂತಾಗ ಒಂದು ಕಾಲನ್ನು ಸಣ್ಣ ಪೆಟ್ಟಿಗೆಯ ಮೇಲೆ ಇಟ್ಟು ಬದಲಾಯಿಸುತ್ತಾ ಇರುವುದು, ಮಧ್ಯಾಹ್ನ ಎಡ ಮಗ್ಗುಲಿಗೆ ಸ್ವಲ್ಪ ಒರಗುವುದು. ಕೆಲಸದ ದಿನ ಬರೀ ಕುರ್ಚಿಯ ವ್ಯಾಯಾಮ, ರಜೆಯ ದಿನ ನಡಿಗೆ. ಕೂರಲು ಅವಕಾಶ ಕೊಡಬೇಕೆಂದು ವೈದ್ಯರಿಂದ ಚೀಟಿ ಬರೆಸಿಕೊಂಡು ಹೋಗಿ ಎಂದೂ ಹೇಳಿದೆ. ಹಾಗೆ ಬಾಯಲ್ಲಿ ಕೇಳಿದರೆ ಕಿವಿಗೆ ಹಾಕಿಕೊಳ್ಳದವರು ಚೀಟಿಗೆ ಬಗ್ಗುತ್ತಾರೆ.

ಊಟ, ನೀರು

ವ್ಯಾಯಾಮ ಮಾಡಿ ಊಟ ಕಡಿಮೆ ಮಾಡಿದರೆ ಆಗ ನಿಜವಾಗಿಯೂ ಮಗುವಿನ ಪಾಲಿಗೆ ಕತ್ತರಿ ಬೀಳುತ್ತದೆ. ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 340 ಕ್ಯಾಲೊರಿ, ಕೊನೆಯ ಮೂರರಲ್ಲಿ ಸುಮಾರು 450 ಕ್ಯಾಲೊರಿ ಹೆಚ್ಚು ಬೇಕು. ಅರ್ಧ ಗಂಟೆ ನಡೆದರೆ ಖರ್ಚಾದದ್ದನ್ನು ಅದರ ಮೇಲೆ ಸೇರಿಸಿ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಏನಾದರೂ ಸ್ವಲ್ಪ ತಿಂದಿರಿ. ಮೂತ್ರದ ಬಣ್ಣ ಕಡು ಹಳದಿ ಇದ್ದರೆ ಮೊದಲು ನೀರು, ಆಮೇಲೆ ನಡಿಗೆ. ವ್ಯಾಯಾಮ ಮಾಡುತ್ತಿದ್ದೂ ನಿಮ್ಮ ತೂಕ ವಾರಗಟ್ಟಲೆ ಏರದೆ ನಿಂತಿದ್ದರೆ ಅದನ್ನು ಮುಂದಿನ ತಪಾಸಣೆಯವರೆಗೆ ಕಾಯಿಸಬೇಡಿ.

ಕೂಡಲೇ ನಿಲ್ಲಿಸಬೇಕಾದಾಗ

ರಕ್ತ ಕಂಡರೆ, ನೀರು ಸೋರಿದಂತೆ ಅನ್ನಿಸಿದರೆ, ಹೊಟ್ಟೆ ಲಯವಾಗಿ ಬಿಗಿದು ಬಿಗಿದು ನೋವು ಬಂದರೆ, ಎದೆ ನೋವು, ತಲೆಸುತ್ತು, ಜೋರು ತಲೆನೋವು ಬಂದರೆ, ಶುರು ಮಾಡುವ ಮೊದಲೇ ಏದುಸಿರು ಇದ್ದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ನಡೆಯುವಾಗ ಹೊಟ್ಟೆ ಒಂದೆರಡು ಸಲ ಗಟ್ಟಿಯಾಗಿ, ನೀವು ಕೂತ ಮೇಲೆ ಸಡಿಲವಾದರೆ ಸಾಮಾನ್ಯವಾಗಿ ಗಾಬರಿ ಬೇಡ. ಕೂತರೂ ಬಿಡದಿದ್ದರೆ ಗಾಬರಿಪಡಬೇಕು.

ನಡೆಯುವಾಗ ಮಗುವಿನ ಒದೆತ ಗೊತ್ತಾಗದಿರುವುದು ಮಾಮೂಲು, ನಿಮ್ಮ ಓಡಾಟದಲ್ಲಿ ಅದು ಗಮನಕ್ಕೆ ಬರುವುದಿಲ್ಲ. ಬಂದು ಮಗ್ಗುಲಾಗಿ ಮಲಗಿ, ಗಮನ ಅಲ್ಲೇ ಇಡಿ. ಮಗು ದಿನವೂ ಆಡುವ ಹೊತ್ತಿನಲ್ಲೂ ಆಡದಿದ್ದರೆ, ಅಥವಾ ಆಟ ಎಂದಿಗಿಂತ ಕಡಿಮೆ ಅನ್ನಿಸಿದರೆ, ನಾಳೆ ನೋಡೋಣ ಎನ್ನದೆ ಆಗಲೇ ಹೊರಡಿ. ಮಧ್ಯರಾತ್ರಿಯಾದರೂ ಸರಿ.